ಅಲ್ಯೂಮಿನಿಯಂ ಕುಲುಮೆ: ಮದರಾಸಿನಿಂದ ಮರಳುನಾಡಿನವರೆಗೆ

(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಸಾಧಾರಣವಾಗಿ ಈ ಕೂಟದಲ್ಲಿ ನಾವು ಸಂಬಳ, ಬೋನಸ್ಸು, ರಜೆ, ಮಕ್ಕಳ ವಿದ್ಯಾಭ್ಯಾಸ ಇವುಗಳನ್ನು ಕುರಿತು ಮಾತಾಡುತ್ತೇವೆ. ಇಂದು ಒಂದು ಲೋಹವನ್ನು ಕುರಿತು ಮಾತಾಡಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಇದಕ್ಕೆ ಕಾರಣವಿದೆ. ನಮ್ಮ ಎಷ್ಟೋ ಮನೆಗಳ ಹುಡುಗರು ಗಲ್ಫ್ ದೇಶಗಳಿಗೆ ಹೋಗುವ ಯೋಚನೆಯಲ್ಲಿದ್ದಾರೆ. ಏಜೆಂಟನೊಬ್ಬನು ಬಂದು, "ಅಲ್ಯೂಮಿನಿಯಂ ಕಂಪನಿಯಲ್ಲಿ ಕೆಲಸ, ಊಟ ವಸತಿ ಅವರದೇ" ಎಂದು ಹೇಳಿದರೆ, ಅದು ಎಂಥ ಕೆಲಸವೆಂಬುದು ನಮಗೆ ತಿಳಿದಿರಬೇಡವೆ? ಅದಿರೂ ಇಲ್ಲದ, ಹೊಳೆಯೂ ಇಲ್ಲದ ಆ ಮರಳುನಾಡಿನಲ್ಲಿ ಅಂಥ ಕಾರ್ಖಾನೆ ಏಕೆ ಹುಟ್ಟಿತು? ನಮ್ಮ ಕಾವೇರಿಯ ದಡದಲ್ಲಿಯೇ ಇದ್ದ ಅಂಥ ಕಾರ್ಖಾನೆ ಏಕೆ ನಿಂತುಹೋಯಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ, ಕೆಲಸಗಾರನ ಅನ್ನ ಯಾವುದರ ಮೇಲೆ ನಿಂತಿದೆ ಎಂಬುದೂ ಕೊಂಚ ತಿಳಿಯುತ್ತದೆ.

ಮೊದಲು ನಮ್ಮ ಊರಿನ ಮಾತು. ಅಲ್ಯೂಮಿನಿಯಂ ಪಾತ್ರೆ ಎಂದರೆ ಬಡವರ ಪಾತ್ರೆ ಎಂದು ನಾವು ಹಗುರಾಗಿ ಆಡುತ್ತೇವೆ. ಇಂಡಿಯಾ ದೇಶದಲ್ಲಿ ಆ ಪಾತ್ರೆಯ ಕೈಗಾರಿಕೆ ಬೇರೂರಿದ್ದು ಈ ಮದರಾಸಿನಲ್ಲಿ. ಇಲ್ಲಿನ ಕಲಾಶಾಲೆಯಲ್ಲಿ 1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು ಅಲ್ಯೂಮಿನಿಯಂ ತಗಡಿನಿಂದ ಪಾತ್ರೆ ಮಾಡುವ ಕೆಲಸವನ್ನು ಆರಂಭಿಸಿದರು. ತಗಡು ಬರುತ್ತಿದ್ದುದು ಹೊರದೇಶದಿಂದ. ಅದನ್ನು ಬಡಿದು ಪಾತ್ರೆ ಮಾಡುತ್ತಿದ್ದುದು ತಾಮ್ರ ಹಿತ್ತಾಳೆಯ ಕೆಲಸ ಬಲ್ಲ ನಮ್ಮವರ ಕೈ. ಹಿತ್ತಾಳೆಯ ಪಾತ್ರೆಗೆ ಆಗಾಗ ಕಲಾಯಿ ಹಾಕಿಸಬೇಕು, ಇದಕ್ಕೆ ಬೇಡ. ಭಾರವೂ ಕಡಿಮೆ. ಜನ ಕೊಂಡರು. 1900ರಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಎಂಬುದೊಂದು ಇಲ್ಲಿ ಸ್ಥಾಪನೆಯಾಗಿ, ಮುಂದೆ ಆ ಕೆಲಸವನ್ನು ವಹಿಸಿಕೊಂಡಿತು.

ಸರ್ಕಾರವೇ ಕೈಗಾರಿಕೆಯನ್ನು ಎತ್ತಿಹಿಡಿಯುವುದು ಆಗಿನ ಬಿಳಿಯ ವ್ಯಾಪಾರಿಗಳಿಗೆ ಹಿಡಿಸಲಿಲ್ಲ. 1910ರಲ್ಲಿ ಲಂಡನ್ನಿನಲ್ಲಿದ್ದ ಭಾರತ ಮಂತ್ರಿ ಮಾರ್ಲಿಯವರು, ಸರ್ಕಾರ ಇಂಥ ಕಾರ್ಖಾನೆಗಳಿಗೆ ಕೈಹಾಕಕೂಡದೆಂಬ ಅರ್ಥದ ಆಜ್ಞೆ ಕಳುಹಿಸಿದರು. ಆಮೇಲೆ ಚಾಟರ್ಟನ್ನರು ಮೈಸೂರು ಸಂಸ್ಥಾನಕ್ಕೆ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗಾರಿಕಾ ಇಲಾಖೆಯ ಡೈರೆಕ್ಟರಾಗಿ ಕೆಲಸ ಮಾಡಿದರು. ಮದರಾಸಿಗೂ ಮೈಸೂರಿಗೂ ಹೋಟಲಿನ ನಂಟು ಮಾತ್ರವಲ್ಲ, ಕಾರ್ಖಾನೆಯ ನಂಟೂ ಉಂಟು ಎನ್ನಲು ಇದನ್ನು ಹೇಳಿದೆವು.

ಪಾತ್ರೆ ಬಡಿಯುವುದು ಒಂದು ಕೆಲಸ, ಲೋಹ ತೆಗೆಯುವುದು ಇನ್ನೊಂದು. ಕಬ್ಬಿಣದಂತೆ ಇದ್ದಿಲು ಸೇರಿಸಿ ಕುಲುಮೆ ಊದಿದರೆ ಅಲ್ಯೂಮಿನಿಯಂ ಬರುವುದಿಲ್ಲ. ಇದರ ಅದಿರಿನ ಹೆಸರು ಬಾಕ್ಸೈಟ್, ಕೆಂಪು ಮುರಕಲ್ಲಿನ ಜಾತಿಯದು. ದಕ್ಷಿಣ ಕನ್ನಡದವರಿಗೆ ಮುರಕಲ್ಲು ಗೊತ್ತೇ ಇದೆ. ಬಾಕ್ಸೈಟನ್ನು ಪುಡಿಮಾಡಿ, ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಒತ್ತಡ ಕೊಟ್ಟು ಬೇಯಿಸಿದರೆ ಕೆಂಪು ಕೆಸರು ಬೇರೆಯಾಗುತ್ತದೆ. ಉಳಿದ ದ್ರಾವಣದಿಂದ ಸಕ್ಕರೆಯಂಥ ಬಿಳಿಯ ಪುಡಿ ಇಳಿಯುತ್ತದೆ. ಅದನ್ನು ಹುರಿದರೆ ಅಲ್ಯೂಮಿನಾ. ಈ ವಿಧಾನವನ್ನು 1888ರ ಸುಮಾರಿಗೆ ಬೇಯರ್ ಎಂಬವರು ಕಂಡುಹಿಡಿದರು.

ಆ ಬಿಳಿಯ ಪುಡಿಯಲ್ಲಿ ಲೋಹವೂ ಆಮ್ಲಜನಕವೂ ಬಿಡಿಸಲಾರದಂತೆ ಅಂಟಿಕೊಂಡಿರುತ್ತವೆ. ಬಿಡಿಸುವ ಉಪಾಯವನ್ನು 1886ರಲ್ಲಿ ಅಮೆರಿಕದ ಹಾಲ್ ಎಂಬವರೂ ಫ್ರಾನ್ಸಿನ ಎರೂ ಎಂಬವರೂ ಒಬ್ಬರನ್ನೊಬ್ಬರು ಅರಿಯದೆಯೇ ಕಂಡುಕೊಂಡರು. ಅಲ್ಯೂಮಿನಾ ತಾನಾಗಿ ಕರಗಬೇಕಾದರೆ ಎರಡು ಸಾವಿರ ಡಿಗ್ರಿಗೂ ಮೀರಿದ ಕಾವು ಬೇಕು. ಕ್ರಯೊಲೈಟ್ ಎಂಬ ಲವಣವನ್ನು ಕರಗಿಸಿ, ಅದರಲ್ಲಿ ಈ ಪುಡಿ ಹಾಕಿದರೆ ಸುಮಾರು 960 ಡಿಗ್ರಿಯಲ್ಲಿಯೇ, ಬಿಸಿನೀರಿನಲ್ಲಿ ಸಕ್ಕರೆ ಕರಗುವಂತೆ, ಕರಗುತ್ತದೆ. ಅದರೊಳಕ್ಕೆ ಇದ್ದಿಲಿನ ದೊಡ್ಡ ಗಟ್ಟಿಗಳನ್ನು ಇಳಿಬಿಟ್ಟು ವಿದ್ಯುತ್ತು ಹರಿಸಿದರೆ ಆಮ್ಲಜನಕ ಇದ್ದಿಲನ್ನು ಸುಟ್ಟು ಮೇಲೆ ಹೋಗುತ್ತದೆ, ಲೋಹ ತಳದಲ್ಲಿ ನಿಲ್ಲುತ್ತದೆ. ಈ ಒಲೆಗೆ ಕಾರ್ಖಾನೆಯವರ ಭಾಷೆಯಲ್ಲಿ 'ಪಾಟ್' ಎಂದು ಹೆಸರು. ಅಂಥ ನೂರಾರು ಪಾಟುಗಳು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಒಂದೊಂದು ಪಾಟಿಗೆ ಬೇಕಾದ ಒತ್ತಡ ನಾಲ್ಕು ನಾಲ್ಕೂವರೆ ವೋಲ್ಟು, ಅಂದರೆ ಮೂರು ಟಾರ್ಚ್ ಸೆಲ್ಲುಗಳಷ್ಟು. ಹರಿಯುವ ಪ್ರವಾಹ ಮಾತ್ರ ಲಕ್ಷಗಟ್ಟಲೆ ಆಂಪಿಯರು.

ಲೆಕ್ಕ ನೋಡಿ. ಸುಮಾರು ನಾಲ್ಕು ಟನ್ ಬಾಕ್ಸೈಟಿನಿಂದ ಎರಡು ಟನ್ ಅಲ್ಯೂಮಿನಾ, ಎರಡು ಟನ್ ಅಲ್ಯೂಮಿನಾದಿಂದ ಒಂದು ಟನ್ ಲೋಹ. ಒಂದು ಕಿಲೋ ಲೋಹ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ತು. ನಮ್ಮ ಹೋಟಲಿನಲ್ಲಿ ಎರಡು ಕುದುರೆಬಲದ ರುಬ್ಬುವ ಯಂತ್ರ ಒಂದು ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ಅಂದರೆ ಒಂದು ಕಿಲೋ ಅಲ್ಯೂಮಿನಿಯಮ್ಮಿಗೆ ಹೋಗುವ ವಿದ್ಯುತ್ತಿನಲ್ಲಿ ಒಂಬತ್ತು ಗಂಟೆ ಹಿಟ್ಟು ರುಬ್ಬಬಹುದು! ಈ ಲೋಹದಲ್ಲಿ ಕಲ್ಲಿಗಿಂತ ಕರೆಂಟೇ ಹೆಚ್ಚು ಎಂದರೆ ತಪ್ಪಾಗದು. ಆದುದರಿಂದ ಅಲ್ಯೂಮಿನಿಯಂ ಕಾರ್ಖಾನೆ ಅದಿರನ್ನು ಹುಡುಕಿಕೊಂಡು ಹೋಗುವುದಿಲ್ಲ, ವಿದ್ಯುತ್ತನ್ನು ಹುಡುಕಿಕೊಂಡು ಹೋಗುತ್ತದೆ. ಮುಂದಿನ ಕಥೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಇಂಡಿಯಾದಲ್ಲಿ ಮೊದಲು ಲೋಹ ತೆಗೆದದ್ದು ಕೇರಳದ ಆಲುವಾಯಲ್ಲಿ, 1943ರಲ್ಲಿ. ಅಲ್ಲಿ ಬಾಕ್ಸೈಟ್ ಇರಲಿಲ್ಲ, ಪಳ್ಳಿವಾಸಲಿನ ಜಲವಿದ್ಯುತ್ತು ಇತ್ತು. ಅನಂತರ ನಮ್ಮ ತಮಿಳುನಾಡಿನ ಸರದಿ. ಮೆಟ್ಟೂರಿನಲ್ಲಿ ಕಾವೇರಿಗೆ ಅಣೆಕಟ್ಟು 1934ರಲ್ಲಿ ಮುಗಿದಿತ್ತು. 1924ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದ ಫಲ ಅದು. ಕೊಡಗಿನಲ್ಲಿ ಹುಟ್ಟಿ, ಶಿವನಸಮುದ್ರದಲ್ಲಿ ಬೆಳಕು ಕೊಟ್ಟು, ಹೊಗೇನಕಲ್ಲಿನಲ್ಲಿ ಧುಮುಕಿದ ನೀರೇ ಮೆಟ್ಟೂರಿನಲ್ಲಿ ಮತ್ತೆ ಯಂತ್ರ ತಿರುಗಿಸಿತು. ಹತ್ತಿರದ ಏರ್ಕಾಡಿನ ಶೇರ್ವರಾಯ ಬೆಟ್ಟದಲ್ಲಿ ಬಾಕ್ಸೈಟ್ ಇತ್ತು. ಮೆಟ್ಟೂರು ಕೆಮಿಕಲ್ಸ್ ಎಂಬ ಕಾರ್ಖಾನೆ ಕಾಸ್ಟಿಕ್ ಸೋಡಾವನ್ನು ಅಲ್ಲಿಯೇ ಮಾಡುತ್ತಿತ್ತು. ಕಲ್ಲು, ಸೋಡಾ, ವಿದ್ಯುತ್ತು ಮೂರೂ ಕೂಡಿದ ಜಾಗ. 1960ರಲ್ಲಿ ಮದ್ರಾಸ್ ಅಲ್ಯೂಮಿನಿಯಂ ಕಂಪನಿ, ಅಂದರೆ ಮಾಲ್ಕೋ, ಏರ್ಪಟ್ಟಿತು. ಇಟಲಿಯ ಮಾಂಟೆಕಟೀನಿ ಕಂಪನಿಯ ಸಹಕಾರದಿಂದ 1965ರಲ್ಲಿ ಲೋಹ ಬರತೊಡಗಿತು.

ಕರ್ನಾಟಕವೂ ಹಿಂದೆ ಬೀಳಲಿಲ್ಲ. ಶರಾವತಿಯ ವಿದ್ಯುತ್ತು ಬಂದ ಮೇಲೆ, 1970ರ ಸುಮಾರಿಗೆ, ಬೆಳಗಾವಿಯಲ್ಲಿ ಇಂಡಾಲ್ ಕಂಪನಿಯ ಅಲ್ಯೂಮಿನಿಯಂ ಕಾರ್ಖಾನೆ ಎದ್ದಿತು. ಕೊಲ್ಹಾಪುರ ಜಿಲ್ಲೆಯ ಬೆಟ್ಟಗಳಿಂದ ಬಾಕ್ಸೈಟ್ ಬರುತ್ತಿತ್ತು. ಅಲ್ಯೂಮಿನಾ ಮಾಡುವ ಭಾಗವೂ ಲೋಹ ತೆಗೆಯುವ ಕುಲುಮೆಯೂ ಅಲ್ಲಿಯೇ ಇದ್ದವು.

ಇವೆರಡಕ್ಕೂ ಏನಾಯಿತು? ಗಿರಣಿಯ ಸೋದರರು ಚೆನ್ನಾಗಿ ಬಲ್ಲ ವ್ಯಾಧಿಯೇ ಹಿಡಿಯಿತು: ವಿದ್ಯುತ್ತಿನ ಅಭಾವ. ಮಳೆ ಕಡಿಮೆಯಾದ ವರ್ಷ ಅಣೆಕಟ್ಟು ತುಂಬುವುದಿಲ್ಲ. ತುಂಬದ ವರ್ಷ ಸರ್ಕಾರ ಮೊದಲು ಕತ್ತರಿಸುವುದು ದೊಡ್ಡ ಕಾರ್ಖಾನೆಯ ವಿದ್ಯುತ್ತನ್ನು. ಗಿರಣಿಯಲ್ಲಿ ಕರೆಂಟು ಹೋದರೆ ನೂಲು ಕಡಿಯುತ್ತದೆ, ಲೇಆಫ್ ಆಗುತ್ತದೆ. ಕರೆಂಟು ಬಂದ ಮೇಲೆ ನೂಲು ಕೂಡಿಸಿ ಮತ್ತೆ ಓಡಿಸಬಹುದು. ಅಲ್ಯೂಮಿನಿಯಂ ಪಾಟಿನಲ್ಲಿ ಹಾಗಿಲ್ಲ. ನಾಲ್ಕೈದು ಗಂಟೆ ವಿದ್ಯುತ್ತು ನಿಂತರೆ ಕರಗಿದ್ದೆಲ್ಲ ಕಲ್ಲಾಗಿ ಹೆಪ್ಪುಗಟ್ಟುತ್ತದೆ. ಆಮೇಲೆ ಅದನ್ನು ಒಡೆದು ತೆಗೆದು, ಒಳಗಿನ ಪದರವನ್ನು ಹೊಸದಾಗಿ ಕಟ್ಟಬೇಕು. ಹಗಲು ರಾತ್ರಿ, ಹಬ್ಬ ಹರಿದಿನ ಎನ್ನದೆ ಉರಿಯಬೇಕಾದ ಒಲೆ ಅದು.

ಬೆಳಗಾವಿಯ ಕುಲುಮೆ ವಿದ್ಯುತ್ತಿನ ಕೊರತೆಗೂ ದುಬಾರಿ ದರಕ್ಕೂ ಸಿಕ್ಕಿ ಕೊನೆಗೆ ನಿಂತಿತು. ಅಲ್ಯೂಮಿನಾ ಮಾಡುವ ಭಾಗ ಮಾತ್ರ ಉಳಿದು, ಮುಂದೆ ಹಿಂಡಾಲ್ಕೋ ಕಂಪನಿಯ ಕೈಗೆ ಬಂತು. ಮಾಲ್ಕೋ ಕಷ್ಟಕ್ಕೆ ಬಿದ್ದು 1995ರಲ್ಲಿ ಸ್ಟೆರ್ಲೈಟ್ ಕಂಪನಿಯ ವಶವಾಯಿತು. ಹೊಸ ಮಾಲೀಕರು ಕಲ್ಲಿದ್ದಲಿನ ಸ್ವಂತ ವಿದ್ಯುತ್ ಸ್ಥಾವರ ಕಟ್ಟಿದರು. ಆದರೆ 2008ರಲ್ಲಿ ಲೋಕದ ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ಬೆಲೆ ಕೆಲವೇ ತಿಂಗಳುಗಳಲ್ಲಿ ಅರ್ಧಕ್ಕಿಂತ ಕೆಳಕ್ಕೆ ಕುಸಿಯಿತು. ಆ ವರ್ಷವೇ ಮೆಟ್ಟೂರಿನ ಪಾಟುಗಳು ತಣ್ಣಗಾದವು. ನಲವತ್ತಮೂರು ವರ್ಷ ಉರಿದ ಒಲೆ ಆರಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿದ್ದವರಿಗೆ ಕುಲುಮೆ ಆರಿದರೂ ಮಾರಲು ವಿದ್ಯುತ್ತು ಉಂಟು. ಬಂಡವಾಳಕ್ಕೆ ಎರಡು ಬಾಗಿಲು. ಇಪ್ಪತ್ತು ವರ್ಷ ಪಾಟಿನ ಮುಂದೆ ನಿಂತು ಕೈಪಳಗಿದವನಿಗೆ ಒಂದೇ ಬಾಗಿಲು, ಅದು ಮುಚ್ಚಿತು. ಈ ಚೆನ್ನೈಯಲ್ಲಿಯೇ 1918ರಲ್ಲಿ ಮದರಾಸ್ ಲೇಬರ್ ಯೂನಿಯನ್ ಹುಟ್ಟಿದ್ದು ಬಿ ಅಂಡ್ ಸಿ ಗಿರಣಿಯ ಕೆಲಸಗಾರರ ಸಂಕಟದಿಂದ. ಅಷ್ಟು ಹೆಸರಾದ ಗಿರಣಿಯೂ 1996ರಲ್ಲಿ ಮುಚ್ಚಿತು. ಮೆಟ್ಟೂರಿನ ಕಥೆ ಪೆರಂಬೂರಿನವರಿಗೆ ಹೊಸದಲ್ಲ.

ಈಗ ಸಮುದ್ರದಾಚೆಗೆ ಹೋಗೋಣ. ನಮ್ಮ ಕುಲುಮೆಗಳು ಕುಂಟುತ್ತಿದ್ದ ಕಾಲದಲ್ಲಿಯೇ ಅಲ್ಲಿ ಏಳತೊಡಗಿದವು. ಎಣ್ಣೆಯ ಬಾವಿಗಳ ಜೊತೆಗೆ ಅನಿಲವೂ ಬರುತ್ತಿತ್ತು. ಕೊಂಡುಹೋಗುವ ಸೌಕರ್ಯವಿಲ್ಲದೆ ಎಷ್ಟೋ ಅನಿಲವನ್ನು ಸುಮ್ಮನೆ ಉರಿಸಿಬಿಡುತ್ತಿದ್ದರು. ಅದರಿಂದ ವಿದ್ಯುತ್ತು ಮಾಡಿ, ವಿದ್ಯುತ್ತಿನಿಂದ ಅಲ್ಯೂಮಿನಿಯಂ ಮಾಡಿ ಹಡಗಿನಲ್ಲಿ ಕಳಿಸಿದರೆ, ಅನಿಲವನ್ನೇ ಗಟ್ಟಿಮಾಡಿ ಮಾರಿದಂತೆ! ಬಹರೈನಿನ ಆಲ್ಬಾ ಕಾರ್ಖಾನೆ 1971ರಲ್ಲಿ ಲೋಹ ಕೊಟ್ಟಿತು. ಅಲ್ಯೂಮಿನಾ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರುತ್ತಿತ್ತು. 1979ರಲ್ಲಿ ದುಬೈ ಪಕ್ಕದ ಜೆಬೆಲ್ ಅಲಿ ಬಂದರಿನಲ್ಲಿ ದುಬಾಲ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ವಿದ್ಯುತ್ ಯಂತ್ರಗಳಿಂದ ಹೊರಬೀಳುವ ಬಿಸಿಯನ್ನೂ ಬಿಡದೆ ಸಮುದ್ರದ ನೀರನ್ನು ಸಿಹಿನೀರು ಮಾಡಿದರು. ಅನ್ನ ಬೇಯಿಸಿದ ಒಲೆಯ ಕೆಂಡದ ಮೇಲೆ ಹಾಲು ಕಾಯಿಸಿದ ಹಾಗೆ. ದುಬಾಲ್ ಮುಂದೆ ಅಬುಧಾಬಿಯ ಎಮಾಲ್ ಜೊತೆ ಕೂಡಿ ಎಮಿರೇಟ್ಸ್ ಗ್ಲೋಬಲ್ ಅಲ್ಯೂಮಿನಿಯಂ ಎಂದಾಯಿತು.

ಓಮಾನಿನ ಸೊಹಾರ್ ಬಂದರನ್ನೂ ಹೇಳಬೇಕು. ಪ್ರಾಚೀನ ಕಾಲದಿಂದ ಅದರ ಹಿಂದಿನ ಬೆಟ್ಟಗಳಲ್ಲಿ ತಾಮ್ರ ತೆಗೆಯುತ್ತಿದ್ದರು. ಓಮಾನ್ ನಮ್ಮ ಕರಾವಳಿಗೆ ಹೊಸದಲ್ಲ. ಮಂಗಳೂರಿನ ಅಕ್ಕಿ ಹಡಗಿನಲ್ಲಿ ಮಸ್ಕತ್ತಿಗೆ ಹೋಗುತ್ತಿತ್ತು, ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಅಲ್ಲಿತ್ತು. ಸೊಹಾರಿನಲ್ಲಿ ಹೊಸ ಕೈಗಾರಿಕಾ ಬಂದರು ಕಟ್ಟಿ, 2008ರಲ್ಲಿ, ಮೆಟ್ಟೂರಿನ ಪಾಟುಗಳು ಆರಿದ ವರ್ಷವೇ, ಸೊಹಾರ್ ಅಲ್ಯೂಮಿನಿಯಂ ಕಾರ್ಖಾನೆ ಮೊದಲ ಲೋಹ ತೆಗೆಯಿತು. ಒಂದೇ ಸಾಲಿನಲ್ಲಿ 360 ಪಾಟುಗಳು. ಅನಿಲದಿಂದ ನಡೆಯುವ ಸಾವಿರ ಮೆಗಾವಾಟಿನ ಸ್ವಂತ ವಿದ್ಯುತ್ ಸ್ಥಾವರ. ವರ್ಷಕ್ಕೆ ಮೂರೂವರೆ ಲಕ್ಷ ಟನ್ನಿಗೂ ಹೆಚ್ಚು ಲೋಹ. ಮೆಟ್ಟೂರು ಆರಿದಾಗ ಸೊಹಾರ್ ಹೊತ್ತಿದ್ದು ಯಾರ ಸಂಚೂ ಅಲ್ಲ. ವಿದ್ಯುತ್ತು ಅಗ್ಗವಾಗಿರುವ ಕಡೆಗೆ ಲೋಹ ಹೋಗುತ್ತದೆ. ಲೋಹ ಹೋದ ಕಡೆಗೆ ನಮ್ಮ ಹುಡುಗರು ಹೋಗುತ್ತಾರೆ.

ಹೋಗಬಾರದೆಂದು ಹೇಳಲು ನಾವು ಯಾರು? ಉಡುಪಿ ಕುಂದಾಪುರಗಳಿಂದ ಹೊರಟು ಮದರಾಸಿಗೆ ಬಂದವರ ಮಕ್ಕಳು ಮೊಮ್ಮಕ್ಕಳೇ ನಾವು. ಊರು ಬಿಟ್ಟವರಿಗೆ ಊರು ಬಿಡಬೇಡಿ ಎನ್ನುವ ಅಧಿಕಾರವಿಲ್ಲ. ಆದರೆ ಕಣ್ಣು ತೆರೆದು ಹೋಗಬೇಕು.

ಮೊದಲನೆಯದು, ಕೆಲಸ ಯಾವುದೆಂದು ತಿಳಿಯಬೇಕು. 'ಅಲ್ಯೂಮಿನಿಯಂ ಕಂಪನಿ' ಎಂಬ ಹೆಸರಿನಲ್ಲಿ ಕಿಟಕಿ ಬಾಗಿಲಿನ ಚೌಕಟ್ಟು ಜೋಡಿಸುವ ಕೆಲಸವೂ ಇರಬಹುದು, ಕುಲುಮೆಯ ಕೆಲಸವೂ ಇರಬಹುದು, ಕುಲುಮೆಯ ಕ್ಯಾಂಟೀನಿನ ಕೆಲಸವೂ ಇರಬಹುದು. ಸಂಬಳ ಬೇರೆ, ಅಪಾಯ ಬೇರೆ. ಕಾರ್ಖಾನೆಯೇ ನೇರವಾಗಿ ಸೇರಿಸಿಕೊಳ್ಳುತ್ತದೆಯೋ ಕಂಟ್ರಾಕ್ಟುದಾರನೋ ಎಂಬುದನ್ನು ಕಾಗದದಲ್ಲಿ ನೋಡಬೇಕು.

ಎರಡನೆಯದು, ಅಪಾಯ. ಪಾಟ್‌ರೂಮಿನಲ್ಲಿ ಸುತ್ತಲೂ ಉರಿ. ಕ್ರಯೊಲೈಟಿನಿಂದ ಫ್ಲೋರೈಡಿನ ಹೊಗೆ ಏಳುತ್ತದೆ. ಅದು ಉಸಿರಾಟಕ್ಕೆ ಕೆಟ್ಟದ್ದು. ಇದ್ದಿಲ ಗಟ್ಟಿಗಳನ್ನು ಮಾಡುವ ವಿಭಾಗದಲ್ಲಿ ಡಾಂಬರಿನ ಹಬೆ. ಕಾದ ಲೋಹಕ್ಕೆ ಒದ್ದೆ ತಾಗಿದರೆ ಸಿಡಿಯುತ್ತದೆ. ಕಾದ ಎಣ್ಣೆಯ ಬಾಣಲೆಗೆ ನೀರು ಬಿದ್ದರೆ ಏನಾಗುವುದೆಂದು ಭಟ್ಟರಿಗೆ ಹೇಳಬೇಕಾಗಿಲ್ಲ. ಅದರ ನೂರುಪಟ್ಟು ಎಂದು ತಿಳಿಯಿರಿ. ಪಾಟುಗಳ ಸುತ್ತ ಬಲವಾದ ಅಯಸ್ಕಾಂತ ಶಕ್ತಿಯೂ ಇರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅಲ್ಲಿಗೆ ಹೋಗಕೂಡದು. ಮುಖಕ್ಕೆ ಮಾಸ್ಕ್, ಮೈಗೆ ದಪ್ಪ ಬಟ್ಟೆ, ಕಾಲಿಗೆ ಬೂಟು ಇವು ಮಾಲೀಕನ ಔದಾರ್ಯವಲ್ಲ, ಕೆಲಸಗಾರನ ಹಕ್ಕು. ಬೇಸಗೆಯಲ್ಲಿ ಬಯಲಿನ ಕೆಲಸ ಮಾಡುವವರಿಗೆ ಯುಎಇಯಲ್ಲಿಯೂ ಓಮಾನಿನಲ್ಲಿಯೂ ಮಧ್ಯಾಹ್ನ ಹನ್ನೆರಡೂವರೆಯಿಂದ ಕೆಲವು ಗಂಟೆ ಕೆಲಸ ನಿಲ್ಲಿಸಬೇಕೆಂಬ ನಿಯಮವಿದೆ. ಇದನ್ನೂ ತಿಳಿದಿರಬೇಕು.

ಮೂರನೆಯದು, ಕಾಗದಪತ್ರ. ಹತ್ತನೆಯ ತರಗತಿ ಪಾಸಾಗದವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಅದಕ್ಕೆ ಚೆನ್ನೈಯಲ್ಲಿಯೇ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ ಇದೆ. ಏಜೆಂಟನು ಸರ್ಕಾರದಲ್ಲಿ ರಿಜಿಸ್ಟರ್ ಆದವನೇ ಎಂದು ನೋಡಬೇಕು. ಅವನು ತನ್ನ ಕೂಲಿಯಾಗಿ ಮೂವತ್ತು ಸಾವಿರ ರೂಪಾಯಿಗೂ ಅದರ ಮೇಲಿನ ತೆರಿಗೆಗೂ ಮೀರಿ ಕೇಳುವಂತಿಲ್ಲ, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದು ಎಂದು ಹೇಳುವವನನ್ನು ನಂಬಬೇಡಿ. ಪ್ರವಾಸಿ ಭಾರತೀಯ ಬೀಮಾ ಯೋಜನೆ ಎಂಬ ವಿಮೆ ಇದೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ ಹತ್ತು ಲಕ್ಷ ರೂಪಾಯಿ. ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು, ಅದನ್ನು ಮಾಲೀಕನು ಕಸಿದಿಟ್ಟುಕೊಳ್ಳತಕ್ಕದ್ದಲ್ಲ. ಕಂಟ್ರಾಕ್ಟಿನ ಒಂದು ಪ್ರತಿ ಕೈಯಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ.

ನಾಲ್ಕನೆಯದು, ಸಂಘ. ಬಹರೈನಿನಲ್ಲಿಯೂ ಓಮಾನಿನಲ್ಲಿಯೂ ಕಾರ್ಮಿಕ ಸಂಘಗಳಿಗೆ ಕಾನೂನಿನಲ್ಲಿ ಅವಕಾಶ ಸಿಕ್ಕಿದೆ. ಯುಎಇಯಲ್ಲಿ ಅಂಥ ಸಂಘ ಕಟ್ಟಲು ಅವಕಾಶವಿಲ್ಲ. ಇಲ್ಲಿ ನಾವು ಕೂಗಿ ಕೇಳುವುದನ್ನು ಅಲ್ಲಿ ಕೂಗಿ ಕೇಳುವಂತಿಲ್ಲ. ಅದರಿಂದಲೇ ಹೊರಡುವ ಮೊದಲು ಕೇಳಬೇಕಾದ್ದನ್ನೆಲ್ಲ ಇಲ್ಲಿಯೇ ಕೇಳಿ, ಬರೆಸಿಕೊಂಡು ಹೋಗಬೇಕು.

ಇಲ್ಲಿಯೇ ಉಳಿಯುವವರಿಗೂ ಈ ಲೋಹದ ವಿಷಯದಲ್ಲಿ ಎರಡು ಮಾತು. ಹುಣಿಸೆಹಣ್ಣಿನ ಸಾರು, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ ಇವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬೇಡಿ. ಹುಳಿಯೂ ಉಪ್ಪೂ ಲೋಹವನ್ನು ತಿನ್ನುತ್ತವೆ. ಕಂಡಕಂಡ ಗುಜರಿಯನ್ನು ಕರಗಿಸಿ ಹೊಯ್ದ ಅಗ್ಗದ ಪಾತ್ರೆಯಲ್ಲಿ ಸೀಸವೂ ಸೇರಿರಬಹುದು, ಅಡಿಗೆಗೆ ಅದು ಬೇಡ. ತೂತಾದ ಒಳ್ಳೆಯ ಪಾತ್ರೆಯನ್ನು ಮಾತ್ರ ಕಸಕ್ಕೆ ಎಸೆಯದೆ ತೂಕಕ್ಕೆ ಹಾಕಿ. ಹಳೆಯ ಅಲ್ಯೂಮಿನಿಯಮ್ಮನ್ನು ಮತ್ತೆ ಕರಗಿಸಲು, ಹೊಸದಾಗಿ ತೆಗೆಯಲು ಬೇಕಾದ ಶಕ್ತಿಯಲ್ಲಿ ಇಪ್ಪತ್ತನೆಯ ಒಂದು ಪಾಲು ಸಾಕು. ಹದಿನಾಲ್ಕು ಯೂನಿಟ್ಟು ಆಗಲೇ ಅದರಲ್ಲಿ ಕೂತಿದೆ.

ಸೋದರರೇ, ಕುಲುಮೆ ವಿದ್ಯುತ್ತನ್ನು ಹುಡುಕಿಕೊಂಡು ಹೋಗುತ್ತದೆ, ಬಂಡವಾಳ ಲಾಭವನ್ನು ಹುಡುಕಿಕೊಂಡು ಹೋಗುತ್ತದೆ. ಅವೆರಡರ ಹಿಂದೆ ಕುರುಡಾಗಿ ಓಡುವುದು ಕೆಲಸಗಾರನಿಗೆ ತಕ್ಕುದಲ್ಲ. ಗಲ್ಫಿನ ಅನಿಲವೂ ಒಂದು ದಿನ ತೀರಬಹುದು, ಲೋಹದ ಬೆಲೆ ಮತ್ತೆ ಕುಸಿಯಬಹುದು. ಕೈಯಲ್ಲಿ ಕಲಿತ ಕಸುಬು, ಪೆಟ್ಟಿಗೆಯಲ್ಲಿ ಸರಿಯಾದ ಕಾಗದ, ಹಿಂದೆ ಒಂದು ಸಂಘ, ಇವು ಮೂರು ಇದ್ದವನು ಮಾತ್ರ ಒಂದು ಒಲೆ ಆರಿದರೆ ಇನ್ನೊಂದನ್ನು ಹಚ್ಚಬಲ್ಲ. ನಮ್ಮ ಸದಸ್ಯರ ಮನೆಯಿಂದ ಯಾರಾದರೂ ಹೊರಡುವುದಿದ್ದರೆ, ಹಣ ಕೊಡುವ ಮೊದಲು ಆ ಕಂಟ್ರಾಕ್ಟನ್ನು ಸಂಘಕ್ಕೆ ತಂದು ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಓದಿ ಹೇಳಲು ನಮ್ಮಲ್ಲಿ ಜನರಿದ್ದಾರೆ, ಅದಕ್ಕೆ ಕಾಸಿಲ್ಲ.